ಚಿಕ್ಕಬೆಟ್ಟದಿಂದ ದೊಡ್ಡಬೆಟ್ಟಕ್ಕೆ

ಮೊಮ್ಮಗನಿಗೆ ಶ್ರವಣಬೆಳಗೊಳದ ಗೊಮ್ಮಟನನ್ನು ತೋರಿಸುತ್ತೇನೆಂದು ಮಾತು ಕೊಟ್ಟು ಮೂರು ವರ್ಷವಾಗಿತ್ತು. ಒಂದು ವರ್ಷ ನನಗೆ ಮಂಡಿನೋವು, ಇನ್ನೊಂದು ವರ್ಷ ಅವನಿಗೆ ಜ್ವರ. ಹೀಗೆ ಮುಂದೂಡುತ್ತ ಬಂದ ಪ್ರಯಾಣ ಈ ದಸರಾ ರಜೆಯಲ್ಲಿ ಕೂಡಿಬಂತು. ಹೊರಡಲು ಇನ್ನೊಂದು ಕಾರಣವೂ ಇತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಮೊಮ್ಮಗ, ಅಂದರೆ ಮಗಳ ಮಗ, ಐದನೇ ತರಗತಿ. ನಾವೆಲ್ಲ ಅವನನ್ನು ಪುಟ್ಟು ಎನ್ನುತ್ತೇವೆ. ಚಿತ್ರ ಬರೆಯುವುದೆಂದರೆ ಅವನಿಗೆ ಊಟ ಬೇಡ. ಆದರೆ ಅವನ ಚಿತ್ರಗಳಲ್ಲಿ ಮರದ ಎಲೆ ಕಂದು, ಕಾಂಡ ಹಸಿರು. ಶಾಲೆಯಲ್ಲಿ ಅದಕ್ಕೆ ಅಂಕ ಕಳೆದರು. ಮನೆಯಲ್ಲಿ ಅವನಮ್ಮ ಗದರಿಸಿದಳು. ಕನ್ನಡ ಮೇಷ್ಟ್ರಾಗಿ 30 ವರ್ಷ ಮಕ್ಕಳ ನಡುವೆಯೇ ಇದ್ದ ನಾನೂ, “ಗಮನ ಎಲ್ಲಿರತ್ತೆ ನಿಂಗೆ? ಕಣ್ಣು ಬಿಟ್ಟು ನೋಡಿ ಬರಿ” ಎಂದೆ. ಅವನು ಕಣ್ಣು ಬಿಟ್ಟೇ ನೋಡುತ್ತಿದ್ದ, ಪಾಪ.

ಒಂದು ದಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಒಂದು ಪುಸ್ತಕ ತೆರೆದರು. ಅದರ ಪುಟಗಳ ತುಂಬ ಬಣ್ಣಬಣ್ಣದ ಚುಕ್ಕಿಗಳು. ಜಪಾನಿನ ಇಶಿಹಾರ ಎಂಬ ವೈದ್ಯರು 1917ರಲ್ಲಿ ಹೊರತಂದ ಪರೀಕ್ಷೆ ಅದು. ಒಂದು ಪುಟದಲ್ಲಿ ನನಗೆ 74 ಎಂಬ ಅಂಕಿ ಹಾಲು ಕುಡಿದಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಪುಟ್ಟು ತಡವರಿಸದೆ “21” ಎಂದ. ನಾನು ಬೆಚ್ಚಿದೆ. ಡಾಕ್ಟರು ನಕ್ಕು ಇನ್ನೊಂದು ಪುಟ ತಿರುಗಿಸಿದರು. ಅಲ್ಲಿ ನನಗೆ ಬರೀ ಚುಕ್ಕಿ. ಎಷ್ಟು ಇಣುಕಿದರೂ ಏನೂ ಇಲ್ಲ. ಪುಟ್ಟು “45” ಎಂದ. “ಸರಿಯಾಗಿ ಹೇಳಿದೆ. ಇಲ್ಲಿ 45 ಇದೆ. ಅದು ನನಗೂ ಕಾಣಲ್ಲ, ನಿಮ್ಮಜ್ಜಿಗೂ ಕಾಣಲ್ಲ, ನಿನ್ನಂಥ ಕಣ್ಣಿದ್ದವರಿಗೆ ಮಾತ್ರ ಕಾಣತ್ತೆ” ಎಂದರು ಡಾಕ್ಟರು.

ನಮ್ಮ ಕಣ್ಣಿನ ಒಳಪರದೆಯಲ್ಲಿ ಬಣ್ಣವನ್ನು ಗುರುತಿಸುವ ಮೂರು ಬಗೆಯ ಸೂಕ್ಷ್ಮ ಕೋಶಗಳಿರುತ್ತವೆ. ಅವುಗಳಲ್ಲಿ ಒಂದು ಬಗೆ ಇಲ್ಲದಿದ್ದರೆ ಅಥವಾ ಬೇರೆ ರೀತಿ ಕೆಲಸ ಮಾಡಿದರೆ ಕೆಂಪು, ಹಸಿರು, ಕಂದುಗಳು ಒಂದರೊಳಗೊಂದು ಬೆರೆತಂತೆ ಕಾಣುತ್ತವೆ. ಇದು ಗಂಡುಮಕ್ಕಳಲ್ಲಿ ಹೆಚ್ಚು. ಇದಕ್ಕೆ ವರ್ಣಾಂಧತೆ ಎಂದು ಹೆಸರು. ‘ಅಂಧ’ ಎನ್ನುವ ಮಾತು ನನಗೆ ಹಿಡಿಸಲಿಲ್ಲ. ನಮಗೆ ಕಾಣದ 45 ಅವನಿಗೆ ಕಂಡಿತಲ್ಲ! ಪರಮಾಣು ಸಿದ್ಧಾಂತದ ಪಾಠದಲ್ಲಿ ನೀವು ಓದುವ ಜಾನ್ ಡಾಲ್ಟನ್‌ಗೂ ಇಂಥದೇ ಕಣ್ಣು. ಅವನ ಸೋದರನಿಗೂ ಹಾಗೇ. ಡಾಲ್ಟನ್ 1794ರಲ್ಲಿ ತನ್ನ ನೋಟದ ಬಗ್ಗೆಯೇ ಒಂದು ಪ್ರಬಂಧ ಓದಿದ.

ಎಲ್ಲ ಮುಗಿದು ಏಳುವಾಗ ಡಾಕ್ಟರು ಕೇಳಿದರು: “ಇದು ತಾಯಿಯ ಕಡೆಯಿಂದ ಬರುವಂಥದು. ತಾಯಂದಿರಿಗೆ ಸಾಮಾನ್ಯವಾಗಿ ಏನೂ ತೊಂದರೆ ಇರಲ್ಲ, ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳತ್ತೆ. ನಿಮ್ಮ ತಂದೆಗೋ ಅಣ್ಣತಮ್ಮಂದಿರಿಗೋ ಇತ್ತಾ ಅಜ್ಜಿ?”

ನಾನು ಮತ್ತೆ ಕುರ್ಚಿಯಲ್ಲಿ ಕೂತುಬಿಟ್ಟೆ.

ಸಕಲೇಶಪುರದ ಕಡೆ ನಮ್ಮದು ಸಣ್ಣ ಕಾಫಿ ತೋಟ. ಸುಮಾರು 60 ವರ್ಷದ ಹಿಂದಿನ ಮಾತು. ಕೊಯ್ಲಿನ ಕಾಲದಲ್ಲಿ ಮನೆಮಕ್ಕಳೂ ಬುಟ್ಟಿ ಕಟ್ಟಿಕೊಂಡು ಹಣ್ಣು ಕೊಯ್ಯಬೇಕು. ಕೆಂಪಗೆ ಹಣ್ಣಾದದ್ದನ್ನು ಮಾತ್ರ ಬಿಡಿಸಬೇಕು, ಹಸಿರು ಕಾಯಿಗೆ ಕೈಹಾಕಬಾರದು. ನನ್ನ ಅಣ್ಣಯ್ಯನ ಬುಟ್ಟಿಯಲ್ಲಿ ಮಾತ್ರ ಪ್ರತಿ ಸಲ ಅರ್ಧ ಕಾಯಿ. ಎಚ್ಚರ ವಹಿಸೆಂದರೆ ಒಂದೊಂದನ್ನೂ ಹಿಚುಕಿ ಮೆತ್ತಗಿದೆಯೇ ಎಂದು ನೋಡಿ ಕೊಯ್ಯುತ್ತಿದ್ದ. ಆಗ ಬುಟ್ಟಿ ತುಂಬುತ್ತಿರಲಿಲ್ಲ, ಅದಕ್ಕೆ ಸೋಮಾರಿ ಎಂಬ ಬೈಗುಳ. ಒಂದು ದಿನ ಅಪ್ಪ ಕಾಫಿ ಗಿಡದ ಬರಲು ಮುರಿದು ಎಲ್ಲರ ಎದುರಿಗೆ ಅವನ ಕಾಲಿಗೆ ಬಾರಿಸಿದರು. ಆಳುಗಳು ನಕ್ಕರು. ನಾನೂ ನಕ್ಕೆ. ನಕ್ಕದ್ದಲ್ಲದೆ ಅವನಿಗೊಂದು ಹೆಸರಿಟ್ಟೆ, ‘ಕಾಯಣ್ಣ’ ಎಂದು. ಆ ಹೆಸರು ಊರಿಗೆಲ್ಲ ಹಬ್ಬಿತು. ಅಣ್ಣಯ್ಯ ದೊಡ್ಡವನಾದ ಮೇಲೆ ತೋಟದ ಸಹವಾಸವೇ ಬೇಡವೆಂದು ಹಾಸನಕ್ಕೆ ಹೋಗಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. “ಅವನಿಗೆ ಮಣ್ಣಿನ ಮೇಲೆ ಪ್ರೀತಿ ಇಲ್ಲ” ಎಂದುಕೊಂಡೇ ಅಪ್ಪ ಕಣ್ಣು ಮುಚ್ಚಿದರು.

ಈ ವಿಷಯ ಅಣ್ಣಯ್ಯನಿಗೆ ಫೋನಿನಲ್ಲಿ ಹೇಳುವಂಥದಲ್ಲ. ಹಾಸನಕ್ಕೇ ಹೋಗಬೇಕು. ಬೆಂಗಳೂರಿನಿಂದ ಹಾಸನಕ್ಕೆ 2017ರಲ್ಲಿ ನೇರ ರೈಲುದಾರಿ ಆದಮೇಲೆ ಶ್ರವಣಬೆಳಗೊಳ ದಾರಿಯಲ್ಲೇ ಸಿಗುತ್ತದೆ. ಪುಟ್ಟುವಿಗೆ ಗೊಮ್ಮಟನನ್ನು ತೋರಿಸಿದ ಹಾಗೂ ಆಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಅಣ್ಣಯ್ಯನ ಎದುರು ನಿಲ್ಲುವ ಧೈರ್ಯ ಸಾಲದೆ ಒಂದು ದಿನ ಮುಂದಕ್ಕೆ ಹಾಕಿದೆ.

ರೈಲಿನ ಕಿಟಕಿಯಾಚೆ ರಾಗಿ ಹೊಲ, ತೆಂಗಿನ ತೋಟ ಹಿಂದೆ ಸರಿಯುತ್ತಿದ್ದವು. ನನಗೊಂದು ಕುತೂಹಲ. “ಪುಟ್ಟೂ, ಆ ಹೊಲ ನಿಂಗೆ ಹೇಗೆ ಕಾಣತ್ತೋ?” ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, “ನಿಂಗೆ ಹೇಗೆ ಕಾಣತ್ತೆ ಅಂತ ನಂಗೆ ಗೊತ್ತಿಲ್ವಲ್ಲ ಅಜ್ಜಿ. ಹೇಗೆ ಹೇಳ್ಲಿ?” ಎಂದ. ನನ್ನ ಹತ್ತಿರ ಉತ್ತರವಿರಲಿಲ್ಲ.

ನಾವು ಇಳಿದಾಗ ಮಧ್ಯಾಹ್ನ ಕಳೆದಿತ್ತು. ಆಟೋ ಹಿಡಿದು ಊರಿಗೆ ಬಂದು, ಒಂದು ವಸತಿಗೃಹದಲ್ಲಿ ಚೀಲ ಇಟ್ಟು, ಬಿಸಿಲು ಇಳಿಯುತ್ತಲೇ ಹೊರಟೆವು. ಎರಡು ಬೆಟ್ಟ, ನಡುವೆ ಒಂದು ಕೊಳ, ಸುತ್ತ ಊರು. ಶ್ರವಣಬೆಳಗೊಳ ಎಂದರೆ ಇಷ್ಟೇ. ಈ ಬಿಳಿಯ ಕೊಳದಿಂದಲೇ ‘ಬೆಳ್ಗೊಳ’ ಎಂಬ ಹೆಸರು ಬಂತು. ‘ಶ್ರವಣ’ ಎಂದರೆ ಶ್ರಮಣ, ಜೈನ ಮುನಿ. ಕಲ್ಯಾಣಿಯ ಒಂದು ಕಡೆ ವಿಂಧ್ಯಗಿರಿ, ಊರವರ ಬಾಯಲ್ಲಿ ದೊಡ್ಡಬೆಟ್ಟ. ಇನ್ನೊಂದು ಕಡೆ ಚಂದ್ರಗಿರಿ, ಅದು ಚಿಕ್ಕಬೆಟ್ಟ. ಬಂದವರೆಲ್ಲ ದೊಡ್ಡಬೆಟ್ಟಕ್ಕೆ ಓಡುತ್ತಾರೆ. ನಾವು ಮೊದಲು ಚಿಕ್ಕಬೆಟ್ಟ ಹತ್ತಿದೆವು.

ಚಿಕ್ಕಬೆಟ್ಟ ಚಿಕ್ಕದಾದರೂ ಹಳೆಯದು. ಮೌರ್ಯ ದೊರೆ ಚಂದ್ರಗುಪ್ತ ರಾಜ್ಯ ಬಿಟ್ಟು, ಗುರು ಭದ್ರಬಾಹುವಿನ ಜೊತೆ ಇಲ್ಲಿಗೆ ಬಂದು ತಪಸ್ಸು ಮಾಡಿದನೆಂದು ಜೈನ ಪರಂಪರೆ ಹೇಳುತ್ತದೆ. ಬೆಟ್ಟಕ್ಕೆ ಚಂದ್ರಗಿರಿ ಎಂಬ ಹೆಸರು ಬಂದದ್ದು ಅವನಿಂದಲೇ. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರದಲ್ಲಿ ಆ ಕಥೆಯನ್ನೆಲ್ಲ ಸಣ್ಣ ಸಣ್ಣ ಚೌಕಗಳಲ್ಲಿ ಕೆತ್ತಿದ್ದಾರೆ. ಪುಟ್ಟು ಅದನ್ನು ಕಾಮಿಕ್ಸ್ ಪುಸ್ತಕದಂತೆ ಚೌಕ ಚೌಕವಾಗಿ ಓದತೊಡಗಿದ. ಬಂಡೆಯ ಮೇಲೆಲ್ಲ ಹಳೆಗನ್ನಡದ ಬರಹ. ಶ್ರವಣಬೆಳಗೊಳ ಮತ್ತು ಸುತ್ತಮುತ್ತ ಸೇರಿ 500ಕ್ಕೂ ಹೆಚ್ಚು ಶಾಸನಗಳು ಸಿಕ್ಕಿವೆ. ಬಿ. ಎಲ್. ರೈಸ್ 1889ರಲ್ಲಿ ಇಲ್ಲಿಯ ಶಾಸನಗಳ ಮೊದಲ ಸಂಪುಟ ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಬೆಳೆಸಿ ಮತ್ತೆ ಹೊರತಂದರು.

ಬೆಟ್ಟದ ಮೇಲಿಂದ ತಿರುಗಿ ನೋಡಿದರೆ ಎದುರಿಗೆ ದೊಡ್ಡಬೆಟ್ಟ. ಅದರ ನೆತ್ತಿಯ ಪ್ರಾಕಾರದ ಮೇಲೆ ಗೊಮ್ಮಟನ ತಲೆ, ಭುಜ ಮಾತ್ರ ಕಾಣುತ್ತಿದ್ದವು.

“ಅಯ್ಯೋ, ಇಷ್ಟೇನಾ ಅಜ್ಜಿ? ಗೋಡೆ ಹಿಂದೆ ನಿಂತು ಇಣುಕೋ ಹುಡುಗನ ಥರ ಇದಾನೆ” ಎಂದ ಪುಟ್ಟು.

“ನಾಳೆ ನೋಡು” ಎಂದೆ.

ಮರುದಿನ ಬೆಳಗ್ಗೆ ಬಂಡೆ ಕಾಯುವ ಮೊದಲೇ ದೊಡ್ಡಬೆಟ್ಟದ ಬುಡಕ್ಕೆ ಬಂದೆವು. ಚಪ್ಪಲಿ ಬಿಟ್ಟು ಹತ್ತಬೇಕು. ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲು. ಕೈಲಾಗದವರನ್ನು ಹೊತ್ತೊಯ್ಯಲು ಡೋಲಿಯವರಿದ್ದಾರೆ. ನನ್ನ ಮಂಡಿ ಡೋಲಿ ಬೇಕೆಂದಿತು, ಹಟ ಬೇಡವೆಂದಿತು. ಪುಟ್ಟು ನಾಲ್ಕು ಹೆಜ್ಜೆ ಮುಂದೆ, ನಾನು ಕಂಬಿ ಹಿಡಿದು ಹಿಂದೆ. ಒಂದು ತಮಾಷೆ ನೋಡಿ, ನಿನ್ನೆ ದೂರದ ಚಿಕ್ಕಬೆಟ್ಟದಿಂದ ಕಂಡ ಗೊಮ್ಮಟ ಇಂದು ಅವನದೇ ಬೆಟ್ಟ ಹತ್ತುವಾಗ ಕಾಣುವುದೇ ಇಲ್ಲ. ಹತ್ತಿರವಾದಷ್ಟೂ ಮರೆ.

ಅರ್ಧ ದಾರಿಯಲ್ಲಿ ದಣಿವಾರಿಸಿಕೊಳ್ಳಲು ಕೂತೆ. ಪಕ್ಕದಲ್ಲಿ ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬರು ಇಳಕಲ್ ಸೀರೆಯ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು. ಬೆಳಗಾವಿ ಕಡೆಯ ಜೈನರು. ಇದು ಅವರ ಐದನೆಯ ಯಾತ್ರೆಯಂತೆ.

“ಅಜ್ಜಿ, ಅಲ್ಲಿ ಓತಿಕ್ಯಾತ!” ಎಂದ ಪುಟ್ಟು ಬಂಡೆಯ ಕಡೆ ಬೆರಳು ಮಾಡಿ.

ನಾನು ನೋಡಿದೆ, ಅವರೂ ನೋಡಿದರು. ಬಂಡೆ, ಪಾಚಿ, ಒಣಹುಲ್ಲು ಬಿಟ್ಟರೆ ಮತ್ತೇನಿಲ್ಲ. “ಎಲ್ಲೈತೋ ಹುಡುಗಾ?” ಎಂದರು ಅವರು. ಪುಟ್ಟು ಸಣ್ಣ ಕಲ್ಲು ಎಸೆದ. ಬಂಡೆಯ ಒಂದು ಚೂರು ಎದ್ದು ಸರ್ರನೆ ಓಡಿತು.

“ಅಬ್ಬಬ್ಬಾ, ಎಂಥಾ ಕಣ್ಣ ಐತ್ರಿ ನಿಮ್ಮ ಕೂಸಿಂದು!”

ಬಣ್ಣ ನಂಬಿ ಹುಡುಕಿದ ನಾವು ಮೋಸಹೋದೆವು. ಬಣ್ಣಕ್ಕಿಂತ ಆಕಾರವನ್ನೇ ನಂಬಿದ ಅವನಿಗೆ ಅದು ಸಿಕ್ಕಿತು. ಆ ಮಾತಿನ ಮೇಲೆ ಅವರಿಗೆ ಚುಕ್ಕಿಗಳ ಪುಸ್ತಕದ ಕಥೆ ಹೇಳಿದೆ. ಅವರು ಗಮನವಿಟ್ಟು ಕೇಳಿದರು.

“ನಮ್ಮ ಧರ್ಮದಾಗ ಇದಕ್ಕ ಅನೇಕಾಂತ ಅಂತಾರ್ರಿ ಅಕ್ಕಾರ. ವಸ್ತು ಒಂದ ಆದ್ರೂ ಅದಕ್ಕ ಕಡಿ ಭಾಳ. ಮನಷ್ಯಾಗ ಒಮ್ಮೆಕ ಒಂದ ಕಡಿ ಕಾಣ್ತೈತಿ. ನಿಮಗ ಕಂಡದ್ದೂ ಖರೆ, ಕೂಸಿಗೆ ಕಂಡದ್ದೂ ಖರೆ. ‘ಇದೂ ಖರೆ’ ಅನ್ನಬೇಕು. ‘ಇದ ಖರೆ’ ಅಂದ್ರ ಅಲ್ಲೆ ಜಗಳಾ ಹುಟ್ಟತೈತಿ.”

ಇಡೀ ವೃತ್ತಿಜೀವನ ಕನ್ನಡ ವ್ಯಾಕರಣ ಕಲಿಸಿದವಳು ನಾನು. ನಮ್ಮ ಕಡೆಯ ‘ಇದೇ’ ಅವರ ಬಾಯಲ್ಲಿ ‘ಇದ’ ಆಗಿತ್ತು, ಅಷ್ಟೇ. ‘ಇದೇ ನಿಜ’ ಎಂದರೆ ಬಾಗಿಲು ಮುಚ್ಚಿತು. ‘ಇದೂ ನಿಜ’ ಎಂದರೆ ಇನ್ನೊಬ್ಬರು ಒಳಗೆ ಬರಲು ಜಾಗ ಉಳಿಯಿತು. ಒಂದೇ ಒಂದು ಸ್ವರ, ‘ಏ’ ಬದಲು ‘ಊ’. ಇದನ್ನು ನಾನು ತರಗತಿಯಲ್ಲಿ ಯಾವತ್ತೂ ಹೀಗೆ ಹೇಳಿಕೊಟ್ಟಿರಲಿಲ್ಲ.

ಪುಟ್ಟು ಬಿಡುವ ಹುಡುಗನಲ್ಲ. “ಹಾಗಾದ್ರೆ ಎರಡೂ ಎರಡೂ ಐದು ಅಂದ್ರೆ, ಅದೂ ನಿಜಾನಾ?”

ಅವರು ಜೋರಾಗಿ ನಕ್ಕರು. “ಏ ಶಾಣ್ಯಾ! ಅದು ಹಂಗಲ್ಲೋ. ಯಾವ ಕಡಿಂದ ನೋಡಿ ಮಾತಾಡಾಕತ್ತೀನಿ ಅಂತ ಮೊದಲ ಹೇಳಬೇಕು. ಆ ಕಡಿಗೆ ಹೋಗಿ ನಿಂತ್ರ ಬ್ಯಾರೆದವ್ರಿಗೂ ಹಂಗ ಕಾಣಬೇಕು. ಸುಳ್ಳಿಗೆ ನಿಲ್ಲಾಕ ಕಡೀನ ಇರೂದಿಲ್ಲ.”

ಜೈನ ತರ್ಕದಲ್ಲಿ ಮಾತಿನ ಮುಂದೆ ‘ಸ್ಯಾತ್’ ಎಂಬ ಪದ ಸೇರಿಸುತ್ತಾರೆ. ಅದನ್ನು ‘ಇದ್ದರೂ ಇರಬಹುದು’ ಎಂಬ ಅನುಮಾನದ ಮಾತೆಂದು ನಾನು ತಿಳಿದಿದ್ದೆ. ಹಾಗಲ್ಲ, ‘ಒಂದು ದೃಷ್ಟಿಯಿಂದ’ ಎಂದು ಅದರ ಅರ್ಥ. ನಾನು ನನ್ನ ಮಗಳಿಗೆ ಅಮ್ಮ, ಪುಟ್ಟುವಿಗೆ ಅಜ್ಜಿ, ಅಣ್ಣಯ್ಯನಿಗೆ ತಂಗಿ. ಮೂರೂ ಪೂರಾ ನಿಜ. ಆದರೆ ಯಾರ ಕಡೆಯಿಂದ ಎಂದು ಹೇಳದಿದ್ದರೆ ಗೊಂದಲ. ಆನೆ ಮುಟ್ಟಿದ ಕುರುಡರ ಕಥೆ ನಿಮಗೆಲ್ಲ ಗೊತ್ತು. ನಾನು ಆ ಪಾಠ ಮಾಡುವಾಗಲೆಲ್ಲ ನನ್ನನ್ನು ಇಡೀ ಆನೆ ಕಾಣುವವರ ಸಾಲಿನಲ್ಲೇ ನಿಲ್ಲಿಸಿಕೊಳ್ಳುತ್ತಿದ್ದೆ. ಆ ಚುಕ್ಕಿ ಪುಸ್ತಕ ನೋಡಿದ ಮೇಲೆ ನಾನೂ ಆನೆಯ ಬಾಲ ಹಿಡಿದವರಲ್ಲಿ ಒಬ್ಬಳೆಂದು ತಿಳಿಯಿತು.

ಒಂದೇ ಬಂಡೆಯಲ್ಲಿ ಕಡಿದ ಅಖಂಡ ಬಾಗಿಲು ದಾಟಿ, ಮೇಲಿನ ಪ್ರಾಕಾರದ ಒಳಗೆ ಕಾಲಿಟ್ಟೆವು. ಅಲ್ಲಿಯವರೆಗೆ ಮರೆಯಾಗಿದ್ದ ಗೊಮ್ಮಟ ಒಮ್ಮೆಲೇ ಎದುರಿಗೆ ನಿಂತಿದ್ದ. ಸುಮಾರು 58 ಅಡಿ ಎತ್ತರ. ಗಂಗರ ಮಂತ್ರಿ ಚಾವುಂಡರಾಯ ಸುಮಾರು ಕ್ರಿ.ಶ. 981ರಲ್ಲಿ ಪ್ರತಿಷ್ಠಾಪಿಸಿದ ಮೂರ್ತಿ. ತೊಡೆಯಿಂದ ಮೇಲಕ್ಕೆ ಯಾವ ಆಸರೆಯೂ ಇಲ್ಲದೆ ನಿಂತಿದೆ. ಪುಟ್ಟು ಕತ್ತು ಹಿಂದಕ್ಕೆ ಬಾಗಿಸಿ ಬಾಯಿ ತೆರೆದು ನಿಂತ.

“ಅಜ್ಜಿ, ಆಕಾಶ ನೀಲಿ, ಗೊಮ್ಮಟ ಬೂದು. ಅಲ್ವಾ?”

“ಹೌದು.”

“ಹಾಗಾದ್ರೆ ಇಲ್ಲಿ ನಂಗೂ ನಿಂಗೂ ಒಂದೇ ಥರ ಕಾಣ್ತಿದೆ!” ಎಂದ. ಅವನ ಮುಖ ಅರಳಿದ್ದನ್ನು ನೋಡಿದೆ. ತನಗೆ ಮಾತ್ರ ಬೇರೆ ಕಾಣುತ್ತದೆ ಎಂಬ ಭಾರವನ್ನು ಈ ಮಗು ಎಷ್ಟು ದಿನದಿಂದ ಹೊತ್ತಿತ್ತೋ.

ಒಂದೇ ಥರ ಎಂದರೂ ಪೂರ್ತಿ ಒಂದೇ ಅಲ್ಲ. ನಾನು ಮುಖದ ಮುಗುಳ್ನಗೆ ನೋಡುತ್ತಿದ್ದೆ. ಅವನು ಪಾದದ ಬಳಿಯ ಹುತ್ತ, ಅದರಿಂದ ಹೊರಬರುವ ಹಾವು, ಕಾಲಿಗೆ ಸುತ್ತಿ ಮೇಲೇರಿದ ಬಳ್ಳಿ ನೋಡುತ್ತಿದ್ದ. ಪಾದದ ಎರಡೂ ಬದಿ ಶಾಸನಗಳಿವೆ. ಚಾವುಂಡರಾಯ ಮಾಡಿಸಿದ ಎಂಬ ಒಂದೇ ಸಂಗತಿಯನ್ನು ಕನ್ನಡ, ತಮಿಳು, ಮರಾಠಿ ಎಂದು ಮೂರು ಭಾಷೆಗಳಲ್ಲಿ ಬರೆಸಿದ್ದಾರೆ.

ಪುಟ್ಟುವಿಗೆ ಕಥೆ ಹೇಳಿದೆ. ಭರತ, ಬಾಹುಬಲಿ ಅಣ್ಣತಮ್ಮಂದಿರು. ರಾಜ್ಯಕ್ಕಾಗಿ ಯುದ್ಧ ಬಂದಾಗ ಸೈನಿಕರು ಸಾಯುವುದು ಬೇಡವೆಂದು ಅವರಿಬ್ಬರ ನಡುವೆಯೇ ಮೂರು ಸ್ಪರ್ಧೆ ಇಟ್ಟರು. ಮೊದಲನೆಯದು ದೃಷ್ಟಿಯುದ್ಧ, ರೆಪ್ಪೆ ಮಿಟುಕಿಸದೆ ಒಬ್ಬರನ್ನೊಬ್ಬರು ನೋಡುತ್ತ ನಿಲ್ಲುವುದು. ಆಮೇಲೆ ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ಗೆದ್ದ ಬಾಹುಬಲಿ, ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತ. ಈ ಮೂರ್ತಿ ಏಳುವುದಕ್ಕೆ 40 ವರ್ಷ ಮೊದಲೇ, 941ರಲ್ಲಿ, ಪಂಪ ‘ಆದಿಪುರಾಣ’ದಲ್ಲಿ ಈ ಕಥೆಯನ್ನು ಕನ್ನಡದಲ್ಲಿ ಹೇಳಿದ್ದಾನೆ.

“ಅಣ್ಣನ್ನ ಸುಮ್ನೆ ನೋಡ್ತಾ ನಿಂತ್ಕೊಳೋದು ಯುದ್ಧಾನಾ?” ಎಂದ ಪುಟ್ಟು.

ನನಗೆ ಹಾಸನದ ನೆನಪಾಯಿತು. “ಕೆಲವು ಸಲ ಅದೇ ಕಷ್ಟ ಮರಿ” ಎಂದೆ.

ಗೊಮ್ಮಟನ ಎದುರಿಗೆ ಗುಳ್ಳಕಾಯಜ್ಜಿಯ ಪುಟ್ಟ ಪ್ರತಿಮೆ ಇದೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ಪಾದದವರೆಗೆ ಇಳಿಯಲಿಲ್ಲವಂತೆ. ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಚೂರು ಹಾಲು ಇಡೀ ಮೂರ್ತಿಯನ್ನು ತೋಯಿಸಿತಂತೆ. ಅಧಿಕಾರಿಗಳ ಕಣ್ಣಿಗೆ ಅವಳು ದಾರಿಗಡ್ಡವಾಗಿ ನಿಂತ ಮುದುಕಿ. ಇವತ್ತು ಗೊಮ್ಮಟನಿಗೆ ಎದುರಾಗಿ ನಿಂತಿರುವವಳು ಅವಳೇ. ಅಜ್ಜಿಯಂದಿರಿಗೆ ಈ ಕಥೆ ಯಾಕೆ ಇಷ್ಟವೆಂದು ಬೇರೆ ಹೇಳಬೇಕಿಲ್ಲ.

ಬೆಟ್ಟ ಇಳಿದು ಊರೊಳಗಿನ ಭಂಡಾರಿ ಬಸದಿಗೆ ಹೋದೆವು. ಹೊಯ್ಸಳ ದೊರೆ ಒಂದನೇ ನರಸಿಂಹನ ಭಂಡಾರಿಯಾಗಿದ್ದ ಹುಳ್ಳ 1159ರಲ್ಲಿ ಕಟ್ಟಿಸಿದ್ದು. 24 ತೀರ್ಥಂಕರರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ನಾನು ಅಲ್ಲಿಗೆ ಹೋದದ್ದು ಮುಖ್ಯವಾಗಿ ಒಂದು ಕಲ್ಲಿಗಾಗಿ. ವಿಜಯನಗರದ ಬುಕ್ಕರಾಯನ ಕಾಲದ, 1368ರ ಶಾಸನ ಅದು.

ಆಗ ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದಿತ್ತು. ತಮಗೆ ಅನ್ಯಾಯವಾಗುತ್ತಿದೆ ಎಂದು ಜೈನರು ಬುಕ್ಕರಾಯನ ಬಳಿ ಮೊರೆಯಿಟ್ಟರು. ಬುಕ್ಕರಾಯ ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಜೈನರ ವಾದ್ಯ, ಕಳಸದ ಹಕ್ಕು ಮೊದಲಿನಂತೆಯೇ ಇರಬೇಕೆಂದು ಕಟ್ಟುಮಾಡಿದ. ವೈಷ್ಣವರಿಂದ ಜೈನ ದರ್ಶನಕ್ಕೆ ಹಾನಿಯಾದರೆ ಅದನ್ನು ವೈಷ್ಣವರು ತಮ್ಮದೇ ಹಾನಿಯೆಂದು ಎಣಿಸಬೇಕು, ವೃದ್ಧಿಯಾದರೆ ತಮ್ಮದೇ ವೃದ್ಧಿಯೆಂದು ಎಣಿಸಬೇಕು ಎಂದು ಕಲ್ಲಿನಲ್ಲಿ ಬರೆಸಿದ. ಬೆಳ್ಗೊಳದ ದೇವರ ಕಾವಲಿಗೆ 20 ಜನರನ್ನು ನೇಮಿಸುವ ಹೊಣೆಯನ್ನು ತಿರುಮಲೆಯ ತಾತಯ್ಯ ಎಂಬ ವೈಷ್ಣವ ಹಿರಿಯರಿಗೇ ಒಪ್ಪಿಸಿದ. ಅದಕ್ಕೆ ಬೇಕಾದ ಹಣ ಜೈನರ ಮನೆಮನೆಯಿಂದ ಬರಬೇಕು, ಮಿಕ್ಕ ಹಣದಲ್ಲಿ ಬಸದಿಗಳಿಗೆ ಸುಣ್ಣ ಹಚ್ಚಿಸಬೇಕು.

“ದರ್ಶನ ಅಂದ್ರೆ ದೇವರನ್ನ ನೋಡೋದಲ್ವಾ ಅಜ್ಜಿ?”

ಒಳ್ಳೆಯ ಪ್ರಶ್ನೆ. ದರ್ಶನ ಎಂದರೆ ನೋಟ. ದೇವರನ್ನು ನೋಡುವುದೂ ದರ್ಶನ. ಒಂದು ಮತ ಜಗತ್ತನ್ನು ನೋಡುವ ಬಗೆಯೂ ದರ್ಶನ. ಮತ ಎಂದರೆ ಒಂದು ನೋಟ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು, ಅದಕ್ಕೇ ಆ ಹೆಸರು. ವೈಷ್ಣವರು ಜೈನರಾಗಬೇಕೆಂದು ಬುಕ್ಕರಾಯ ಹೇಳಲಿಲ್ಲ. ಜೈನರಿಗೆ ಕಾಣುವಂತೆಯೇ ನಿಮಗೂ ಕಾಣಲಿ ಎಂದೂ ಹೇಳಲಿಲ್ಲ. ಅದು ಆಗುವ ಮಾತಲ್ಲ. ಪುಟ್ಟುವಿನ ಕಣ್ಣನ್ನು ನಾನು ಹಾಕಿಕೊಳ್ಳಲು ಬರುವುದಿಲ್ಲವಲ್ಲ! ಅವರಿಗಾದ ನೋವನ್ನು ನಿಮ್ಮದೆಂದು ಎಣಿಸಿರಿ ಎಂದ. ಅದು ಯಾವ ಕಣ್ಣಿನವರಿಗೂ ಸಾಧ್ಯ.

ಆ ಕಲ್ಲಿನ ಮುಂದೆ ನಿಂತಾಗ ನನಗೆ ಕಾಣುತ್ತಿದ್ದುದು ಬರಲಿನ ಬಾಸುಂಡೆ ಎದ್ದ ಹುಡುಗನ ಕಾಲು. ಅವತ್ತು ಆ ನೋವು ನನ್ನದಾಗಿರಲಿಲ್ಲ.

ಸಂಜೆಯ ಹೊತ್ತಿಗೆ ಹಾಸನ ಸೇರಿದೆವು. ಅಣ್ಣಯ್ಯ ಗೇಟಿನಲ್ಲೇ ಕಾದು ನಿಂತಿದ್ದ. ಕಾಫಿ ಕುಡಿದೆವು, ಊಟವೂ ಆಯಿತು. ಅತ್ತಿಗೆ ಒಳಗೆ ಹಾಸಿಗೆ ಹಾಸಲು ಹೋದಾಗ ಚುಕ್ಕಿ ಪುಸ್ತಕದ ಕಥೆ ಹೇಳಿದೆ. ಡಾಕ್ಟರು ಕೇಳಿದ ಪ್ರಶ್ನೆಯನ್ನೂ ಹೇಳಿದೆ. ಆಮೇಲೆ ಮಾತು ಹೊರಡಲಿಲ್ಲ. “ನಾನು ಇಟ್ಟ ಹೆಸರು ಅಣ್ಣಯ್ಯ...” ಎಂದಷ್ಟೇ ಹೇಳಿದೆ.

ಅವನು ಬಹಳ ಹೊತ್ತು ಸುಮ್ಮನಿದ್ದ.

“ಆ ಪುಸ್ತಕ ನಾನೂ ನೋಡಿದ್ದೀನಿ ಕಣೇ. 22 ವರ್ಷ ಆಗಿದ್ದಾಗ. ಒಂದು ಕೆಲಸಕ್ಕೆ ಅಂತ ಕಣ್ಣಿನ ಪರೀಕ್ಷೆಗೆ ಹೋಗಿದ್ದೆ. ಆವತ್ತೇ ಗೊತ್ತಾಯ್ತು.”

“ಯಾಕೆ ಹೇಳಲಿಲ್ಲ?”

“ಕಾಯಣ್ಣ ಅನ್ನೋ ಹೆಸರು ಆಗಲೇ ಇತ್ತಲ್ಲ. ಜೊತೆಗೆ ಕುರುಡಣ್ಣ ಅನ್ನೋದೂ ಸೇರ್ತಿತ್ತು.”

ನಾನು ತಲೆ ತಗ್ಗಿಸಿದೆ. ಅವನೇ ಮುಂದುವರಿಸಿದ. “ಅಪ್ಪನ್ನೂ ನಾನು ಬೈಕೊಳ್ಳಲ್ಲ. ಬುಟ್ಟೀಲಿ ಇದ್ದದ್ದು ಕಾಯೇ ಅಲ್ವಾ? ಅವರು ಕಂಡಿದ್ದು ಸುಳ್ಳಲ್ಲ. ಹಸಿ ಕಾಯಿ ಸೇರಿದ್ರೆ ಕಾಫಿ ಕೆಡೋದೂ ಸುಳ್ಳಲ್ಲ. ಬುಟ್ಟಿ ನೋಡಿದ್ರು, ಸರಿಯಾಗೇ ನೋಡಿದ್ರು. ಆದ್ರೆ ಬುಟ್ಟಿ ನೋಡಿದ್ದಕ್ಕೇ ಹುಡುಗನ್ನೂ ನೋಡಿದ ಹಾಗೆ ಅಂದ್ಕೊಂಡ್ರು. ಒಂದೇ ಒಂದು ಸಲ, ‘ಇದು ನಿಂಗೆ ಹೇಗೆ ಕಾಣತ್ತೋ’ ಅಂತ ಕೇಳಬಹುದಿತ್ತು.”

ಆಮೇಲೆ ಪುಟ್ಟುವಿನ ಕಡೆ ತಿರುಗಿ ಕೇಳಿದ: “ನಿನ್ನನ್ನ ಕೇಳಿದ್ರೇನೋ ಯಾರಾದ್ರೂ?”

“ಹೂಂ ತಾತ. ರೈಲಲ್ಲಿ ಅಜ್ಜಿ ಕೇಳಿದ್ರು.”

ಅಣ್ಣಯ್ಯ ನನ್ನನ್ನು ನೋಡಿದ. ನಾನೂ ಅವನನ್ನು ನೋಡಿದೆ. ಇಬ್ಬರೂ ಸ್ವಲ್ಪ ಹೊತ್ತು ರೆಪ್ಪೆ ಮಿಟುಕಿಸಲಿಲ್ಲ. ಕೊನೆಗೆ ನಾನೇ ಸೋತೆ. ಕಣ್ಣಲ್ಲಿ ನೀರು ತುಂಬಿತ್ತು.

ಬೆಳಗ್ಗೆ ನಾನೇಳುವ ಹೊತ್ತಿಗೆ ತಾತ, ಮೊಮ್ಮಗ ಹಿತ್ತಲಲ್ಲಿದ್ದರು. ಪುಟ್ಟುವಿನ ಬಣ್ಣದ ಪೆನ್ಸಿಲುಗಳಿಗೆಲ್ಲ ಅಣ್ಣಯ್ಯ ಕಾಗದದ ಚೀಟಿ ಅಂಟಿಸುತ್ತಿದ್ದ. ಅತ್ತಿಗೆಯನ್ನು ಕೇಳಿ ಕೇಳಿ ಒಂದೊಂದರ ಮೇಲೂ ದುಂಡಗೆ ಬರೆಯುತ್ತಿದ್ದ: ಹಸಿರು, ಕಂದು, ಕೆಂಪು. “ನಂಗೆ ಈ ಉಪಾಯ ಹೊಳೆದಿದ್ದು ಮುದುಕನಾದ ಮೇಲೆ” ಎಂದ.

“ದಾಸವಾಳ ಎಷ್ಟು ಚೆನ್ನಾಗಿ ಬಿಟ್ಟಿದೆ!” ಎಂದೆ ನಾನು, ಬೇಲಿಯ ಕಡೆ ನೋಡಿ. ಗಿಡದ ತುಂಬ ಕೆಂಪು ಹೂವು.

ಇಬ್ಬರೂ ತಲೆಯೆತ್ತಿದರು. ಇಬ್ಬರೂ ಒಂದೇ ಥರ ಕಣ್ಣು ಕಿರಿದು ಮಾಡಿದರು.

“ಎಲ್ಲಿ?” ಎಂದರು ಒಟ್ಟಿಗೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕರು. ಅಲ್ಲಿ ನಾನೇ ಬೇರೆಯವಳು. ನಾನು ಹೋಗಿ ಒಂದು ಹೂವು ಕಿತ್ತು ತಂದು ಅವರ ಕೈಯಲ್ಲಿಟ್ಟೆ. ಪುಟ್ಟು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಬರೆಯಲು ಕೂತ.